ಕಚಗುಳಿ ಇಡುವ ನೀರು

ಅವಳಿಗೆ ಹೆದರಿಕೆ ಮೂಗಿನ ಹಾಗೆ ಹುಟ್ಟುತ್ತಲೇ ಬಂದದ್ದು. ಲಿಫ್ಟ್ ಕಂಡರೆ ಮೆಟ್ಟಿಲು ಹತ್ತುತ್ತಿದ್ದಳು, ನಾಯಿ ಕಂಡರೆ ರಸ್ತೆ ದಾಟುತ್ತಿದ್ದಳು, ಕುಕ್ಕರ್ ಕೂಗುವ ಹೊತ್ತಾದರೆ ಅಡುಗೆಮನೆ ಬಿಟ್ಟು ಹೊರಗೆ ಬಂದು ನಿಲ್ಲುತ್ತಿದ್ದಳು. ಹಗ್ಗ ಕಂಡರೆ ಹಾವು ಅನ್ನುವವರು ಊರಲ್ಲಿ ಬೇಕಾದಷ್ಟಿದ್ದಾರೆ. ಇವಳು ಹಗ್ಗ ಮಾರುವ ಬೀದಿಗೇ ಹೋಗುವವಳಲ್ಲ. ಪುಕ್ಕಲಕ್ಕ ಎಂದು ಹೆಸರಿಟ್ಟವನು ಅವಳು ಕೆಲಸ ಮಾಡುವ ಅಕ್ವೇರಿಯಂ ಅಂಗಡಿಯ ಯಜಮಾನ. ಹೆಸರು ಅಂಟಿತು. ಕೊನೆಗೆ ಗಂಡನೂ ಹಾಗೇ ಕರೆಯತೊಡಗಿದ.

ಪುಕ್ಕಲು ಎಂಬ ಮಾತನ್ನು ಯಾರು ಯಾರಿಗೆ ಹೇಳುತ್ತಾರೆ, ಸ್ವಲ್ಪ ಗಮನಿಸಿ. ಕೈ ಒದ್ದೆಯಾಗದವರು ಕೈ ಒದ್ದೆ ಮಾಡಿಕೊಳ್ಳುವವರಿಗೆ ಹೇಳುತ್ತಾರೆ.

ಅವಳ ಕೆಲಸವೇ ಅದು. ಅಂಗಡಿಯವರು ಮಾರಿದ ಗಾಜಿನ ತೊಟ್ಟಿಗಳು ದವಾಖಾನೆ, ಬ್ಯಾಂಕು, ಹೋಟೆಲು ಅಂತ ಎಲ್ಲೆಲ್ಲಿ ಇದ್ದವೋ ಅಲ್ಲಿಗೆಲ್ಲ ಹೋಗಿ ಪಾಚಿ ಉಜ್ಜುವುದು, ಕೊಳೆತ ಎಲೆ ಕತ್ತರಿಸುವುದು, ಹಳೆಯ ನೀರನ್ನು ಒಂದಿಷ್ಟು ತೆಗೆದು ಹೊಸದನ್ನು ಬೆರೆಸುವುದು. ತೊಟ್ಟಿಯೊಳಗಿನ ಬಸವನಹುಳು ಕೈಗೆ ತಾಗಿದರೆ ಅವಳಿಗೆ ಮೈಯೆಲ್ಲ ಮುಳ್ಳೇಳುತ್ತಿತ್ತು. ಅದಕ್ಕೇ ಮೊಣಕೈ ದಾಟುವ ರಬ್ಬರ್ ಗ್ಲೌಸ್ ಇಲ್ಲದೆ ನೀರು ಮುಟ್ಟುತ್ತಿರಲಿಲ್ಲ.

"ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ ಅಂತಾರೆ," ಯಜಮಾನ ಗಿರಾಕಿಗಳ ಮುಂದೆ ನಗುತ್ತಿದ್ದ. "ನಮ್ ಪುಕ್ಕಲಕ್ಕ ಬರ್ತಾಳೆ ಕಣ್ರೀ, ಆದ್ರೆ ರೇನ್‌ಕೋಟ್ ಹಾಕ್ಕೊಂಡು."

"ನಗಿ ಅಣ್ಣ, ನಗಿ. ಹುಳ ಕಚ್ಚಿದ್ರೆ ನಿಮ್ಮ ಬೆರಳನ್ನಲ್ಲ ಕಚ್ಚೋದು."

"ಬಸವನಹುಳಕ್ಕೆ ಹಲ್ಲೆಲ್ಲಿದೆಯೇ ತಾಯಿ?"

"ಇದ್ರೆ?"

ಮೀನುಗಳ ವಿಷಯದಲ್ಲಿ ಮಾತ್ರ ಈ ಹೆದರಿಕೆ ಅವಳ ಕೈ ಹಿಡಿಯುತ್ತಿತ್ತು. ಯಾವ ಮೀನು ಯಾವ ಮೀನಿಗೆ ಅಂಜುತ್ತದೆ, ಯಾವುದಕ್ಕೆ ಅಡಗಲು ಗಿಡ ಬೇಕು, ಯಾವುದು ಒಂಟಿಯಾದರೆ ಕೊರಗುತ್ತದೆ ಎಂಬುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಅಂಜುಬುರುಕರ ಸಂಕಟ ಅಂಜುಬುರುಕರಿಗೇ ಗೊತ್ತು.

ಮಕ್ಕಳ ಮನೆಯ ತೊಟ್ಟಿ ಬಂದದ್ದು ಚಳಿ ಶುರುವಾದಾಗ. ಕೆಲಸಕ್ಕೆ ಹೋಗುವ ತಂದೆತಾಯಿಗಳು ಬೆಳಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಹೋಗುವ ಪುಟಾಣಿಗಳ ಜಾಗ ಅದು. ನಡೆಸುತ್ತಿದ್ದ ಮೇಡಂಗೆ ಅಂಗಡಿಯಲ್ಲಿದ್ದ ಬಣ್ಣವೆಲ್ಲ ಒಂದೇ ತೊಟ್ಟಿಯಲ್ಲಿ ಬೇಕಿತ್ತು: ಗೋಲ್ಡ್ ಫಿಶ್, ಏಂಜಲ್, ನಿಯಾನ್, ಎಲ್ಲ.

"ಗೋಲ್ಡ್ ಫಿಶ್‌ಗೆ ತಣ್ಣಗಿರೋ ನೀರು ಬೇಕು ಮೇಡಂ, ನಿಯಾನ್‌ಗೆ ಬೆಚ್ಚಗಿರೋದು," ಎಂದಳು ಪುಕ್ಕಲಕ್ಕ. "ಒಟ್ಟಿಗೆ ಹಾಕಿದ್ರೆ ಒಂದಲ್ಲ ಒಂದು ನರಳುತ್ತೆ. ಅಲ್ದೆ ಗೋಲ್ಡ್ ಫಿಶ್ ಇದ್ದಲ್ಲಿ ಗಿಡ ಉಳಿಯಲ್ಲ, ಮೇಕೆ ಥರ ಮೇಯ್ತವೆ."

ಕೊನೆಗೆ ಗೋಲ್ಡ್ ಫಿಶ್ ಬಿಟ್ಟರು. ನಿಯಾನ್ ಮೀನುಗಳ ಒಂದು ಹಿಂಡು, ಜೊತೆಗೊಂದು ಏಂಜಲ್ ಎಂದಾಯಿತು. ಬೆರಳ ಗೆಣ್ಣಿನಷ್ಟು ಮೈ, ಅದರ ಮೇಲೆ ನೀಲಿ ಗೆರೆ, ಕೆಂಪು ಬಾಲ. ನಿಯಾನ್ ಅಂದರೆ ಪುಕ್ಕಲಕ್ಕನಿಗೆ ಒಡಹುಟ್ಟಿದವರನ್ನು ಕಂಡಷ್ಟು ಪ್ರೀತಿ. ಹಿಂದುಗಡೆಗೆ ರಿಬ್ಬನ್ನಿನಂಥ ಉದ್ದ ಹುಲ್ಲು ನೆಟ್ಟಳು. ಜರಿಗಿಡದ ಗೆಡ್ಡೆಯನ್ನು ಮರಳಲ್ಲಿ ಹೂತರೆ ಕೊಳೆಯುತ್ತದೆಂದು ದಾರದಿಂದ ಕಲ್ಲಿಗೆ ಕಟ್ಟಿದಳು. ಬೇರೆ ತೊಟ್ಟಿಯ ಹಳೆಯ ಸ್ಪಂಜನ್ನು ತಂದು ಹಾಕಿ, ನೀರು ಮೀನಿಗೆ ಒಗ್ಗುವಷ್ಟು ಪಕ್ವವಾಗುವ ತನಕ ಮೀನು ಬಿಡಲಿಲ್ಲ. "ಬರೀ ನೀರು ನೋಡೋಕೆ ಮಕ್ಕಳನ್ನ ಕಳಿಸ್ತಾರೇನ್ರೀ?" ಎಂದು ಮೇಡಂ ರೇಗಿದರೂ ಬಿಡಲಿಲ್ಲ. ನೀರು ಬೆಚ್ಚಗಿರಲೆಂದು ಗಾಜಿನ ಕೊಳವೆಯ ಹೀಟರೊಂದನ್ನು ಹಿಂಬದಿಗೆ ಅಂಟಿಸಿದಳು. ಯಜಮಾನ ಆ ಸಲ ಅಗ್ಗದ ಹೀಟರುಗಳನ್ನು ಪೆಟ್ಟಿಗೆಗಟ್ಟಲೆ ತರಿಸಿದ್ದ. ಊರಿನ ಎಲ್ಲ ತೊಟ್ಟಿಗೂ ಅವೇ.

ತೊಟ್ಟಿ ಗಿಡ್ಡ ಕಬ್ಬಿಣದ ಸ್ಟ್ಯಾಂಡಿನ ಮೇಲಿತ್ತು. ಮುಚ್ಚಳ ಚೆಂದ ಕಾಣುವುದಿಲ್ಲ ಎಂದು ಮೇಡಂ ತೆಗೆಸಿದ್ದರು. ಊಟ ಮುಗಿಸಿದ ಮಗುವಿಗೆ ಬಹುಮಾನ, ಬೆರಳ ತುದಿಗೆ ಮೀನಿನ ಆಹಾರದ ಪುಡಿ ಅಂಟಿಸಿಕೊಂಡು ನೀರಿಗೆ ಅದ್ದುವುದು. ತಟ್ಟೆಯಲ್ಲಿ ಒಂದಗುಳೂ ಉಳಿಯುತ್ತಿರಲಿಲ್ಲವಂತೆ.

ಮೊದಮೊದಲು ನಿಯಾನ್‌ಗಳು ತೊಟ್ಟಿ ತುಂಬ ಓಡಾಡಿಕೊಂಡಿದ್ದವು. ಆಮೇಲೆ ಯಾಕೋ ಜರಿಗಿಡದ ಹಿಂದಿನ ಮೂಲೆಗೆ ಸರಿದು ಮುದುಡಿಕೊಂಡವು. ಏಂಜಲ್ಲೇ ಹೆದರಿಸುತ್ತಿದೆ, ಅದರ ಬಾಯಿಗೆ ಇವು ತುತ್ತು ತಾನೆ ಎಂದುಕೊಂಡು ಪುಕ್ಕಲಕ್ಕ ಅದನ್ನು ಅಂಗಡಿಗೆ ಸಾಗಿಸಿದಳು. ನಿಯಾನ್ ಹೊರಗೆ ಬರಲಿಲ್ಲ. ಬೆಳಕು ಹೆಚ್ಚಾಯಿತೇನೋ ಎಂದು ಕಡಿಮೆ ಮಾಡಿದಳು, ಅಡಗಲು ಇನ್ನಷ್ಟು ಹುಲ್ಲು ನೆಟ್ಟಳು. ಬರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಿತ್ತು ಅವಳ ಚಿಕಿತ್ಸೆ. ಮೀನಿಗೆ ಏನು ಗೊತ್ತಿತ್ತೋ, ಅಥವಾ ಬರೀ ಮಕ್ಕಳು ಗಾಜು ಬಡಿಯುವ ಸದ್ದಿಗೆ ಬೆಚ್ಚಿದ್ದವೋ, ಅದು ಇವತ್ತಿಗೂ ಅವಳಿಗೆ ತಿಳಿಯದು.

ಅಷ್ಟರಲ್ಲಿ ಗ್ಲೌಸಿನ ಹೆಬ್ಬೆರಳು ತೂತಾಯಿತು. ಎಲೆ ಕತ್ತರಿಸುವಾಗ ಅವಳದೇ ಉದ್ದ ಕತ್ತರಿ ತಾಗಿ ರಬ್ಬರೂ ಹರಿಯಿತು, ಚರ್ಮವೂ ಗೀರಿತು. ಹಾಗೇ ಕೈಯನ್ನು ಆ ತೊಟ್ಟಿಯ ನೀರಿಗೆ ಇಳಿಬಿಟ್ಟಳು. ಬೆರಳಿಗೆ ಜುಂ ಎಂದಿತು. ಕೈ ಕಿತ್ತುಕೊಂಡು ಗೋಡೆಗೆ ಒರಗಿ ನಿಂತಳು. ಆಮೇಲೆ ಅಂಗಡಿಗೆ ಓಡಿಬಂದು ಯಜಮಾನನಿಗೆ ಹೇಳಿದಳು.

"ಗಾಯಕ್ಕೆ ನೀರು ತಾಗಿದ್ರೆ ಉರಿಯುತ್ತಮ್ಮ," ಎಂದ ಯಜಮಾನ.

"ಉರಿ ಅಲ್ಲ ಅಣ್ಣ. ಜುಂ ಅಂತು."

"ಉರಿಗೂ ಜುಂಗೂ ಏನೇ ವ್ಯತ್ಯಾಸ?"

"ಉರಿ ಅಲ್ಲೇ ಇರುತ್ತೆ. ಇದು ಮೇಲಕ್ಕೆ ಹತ್ತಿತು. ನೀರಲ್ಲಿ ಕರೆಂಟ್ ಇದೆ ಅಣ್ಣ."

"ಕರೆಂಟ್ ಇದ್ದಿದ್ರೆ ಮೀನು ಬದುಕಿರ್ತಿತ್ತೇನೆ? ಹೋದ ಸಲ ಫಿಲ್ಟರ್ ಸಿಡಿಯುತ್ತೆ ಅಂದೆ, ಅದರಲ್ಲಿ ಸಿಕ್ಕಿದ್ದು ಶರ್ಟಿನ ಒಂದು ಗುಂಡಿ. ಅದಕ್ಕೂ ಹಿಂದೆ ತೊಟ್ಟಿ ಬಿರುಕು ಬಿಟ್ಟಿದೆ ಅಂತ ಬ್ಯಾಂಕಿನವರನ್ನೆಲ್ಲ ಎಬ್ಬಿಸಿದೆ. ಏನಾಗಿತ್ತು? ಕೂದಲು ಅಂಟಿತ್ತು!"

ಅದು ನಿಜವೇ ಆಗಿತ್ತು. ತೋಳ ಬಂತು ತೋಳ ಎಂದು ಅವಳು ಕೂಗಿದಷ್ಟು ಸಲ ಯಾವ ದನಗಾಹಿಯೂ ಕೂಗಿರಲಿಕ್ಕಿಲ್ಲ. ವ್ಯತ್ಯಾಸ ಇಷ್ಟೇ, ಅವಳು ತಮಾಷೆಗೆ ಕೂಗಿದವಳಲ್ಲ. ಪ್ರತಿ ಸಲವೂ ಅವಳ ಕಣ್ಣಿಗೆ ತೋಳ ಕಂಡೇ ಇತ್ತು. ಮನೆಗೆ ಹೋಗಿ ಗಂಡನಿಗೆ ಹೇಳಿದಳು. ಬಸ್ ಓಡಿಸಿ ದಣಿದು ಬಂದಿದ್ದ ಅವನು ಕಾಲು ಚಾಚಿಕೊಂಡು, "ಹೋದ ತಿಂಗಳು ನಮ್ಮನೆ ಫ್ರಿಜ್ ಉಸಿರಾಡ್ತಿದೆ ಅಂದಿದ್ದೆಯಲ್ಲ, ಅದು ಹೇಗಿದೆ ಈಗ?" ಎಂದ. ಅವಳೂ ನಕ್ಕಳು. ನಗದೆ ಏನು ಮಾಡುವುದು? ತನ್ನ ಹೆದರಿಕೆಯನ್ನು ತಾನೇ ನಂಬಬಾರದೆಂದು ಇಷ್ಟು ವರ್ಷ ಎಲ್ಲರೂ ಸೇರಿ ಅವಳಿಗೆ ಕಲಿಸಿದ್ದರು. ಗ್ಲೌಸಿನ ತೂತಿಗೆ ಸೈಕಲ್ ಟ್ಯೂಬಿನ ಚೂರು ಅಂಟಿಸಿದಳು. ಜುಂ ಹೋಯಿತು. ಗಾಯವೂ ಮಾಯಿತು. ಹಾಗಾದರೆ ಅದು ಗಾಯದ್ದೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

ತಂದೆತಾಯಂದಿರನ್ನು ಕರೆದು ಮಕ್ಕಳ ಕುಣಿತ ತೋರಿಸುವ ದಿನ ಬಂತು. ಗಾಜು ಫಳಫಳ ಹೊಳೆಯಬೇಕೆಂದು ಮೇಡಂ ಬೆಳಗ್ಗೆಯೇ ಪುಕ್ಕಲಕ್ಕನನ್ನು ಕರೆಸಿದ್ದರು. ಹೊಸ ಗಿರಾಕಿ ಸಿಕ್ಕಾರೆಂದು ಯಜಮಾನನೂ ಇಸ್ತ್ರಿ ಶರ್ಟು ಹಾಕಿಕೊಂಡು ಬಂದಿದ್ದ. ಆಗಷ್ಟೇ ತೊಳೆದ ನೆಲ ಇನ್ನೂ ಒಣಗಿರಲಿಲ್ಲ. ಕುಣಿತಕ್ಕೆಂದು ಮಕ್ಕಳ ಬೂಟುಗಳನ್ನೆಲ್ಲ ಕಳಚಿ ಬಾಗಿಲ ಬಳಿ ಸಾಲಾಗಿ ಜೋಡಿಸಿದ್ದರು.

ತೊಟ್ಟಿಯ ಮುಂದೆ ಎರಡು ಜುಟ್ಟಿನ ಒಂದು ಹುಡುಗಿ ತನ್ನ ತಾಯಿಯ ಸೆರಗು ಜಗ್ಗುತ್ತಿದ್ದಳು.

"ಅಮ್ಮ, ಅಮ್ಮ, ಮೀನು ಕಚಗುಳಿ ಇಡುತ್ತೆ ಗೊತ್ತಾ!"

"ಹೌದಾ ಬಂಗಾರ?" ತಾಯಿ ನಕ್ಕಳು.

ಪಕ್ಕದಲ್ಲಿದ್ದ ಮೇಡಂ ನಕ್ಕರು. "ಎಲ್ಲರೂ ಹಾಗೇ ಅಂತಾರೆ. ಊಟ ಬಿಟ್ಟರೂ ಬಿಟ್ಟಾರು, ಕಚಗುಳಿ ಬಿಡಲ್ಲ."

ಪುಕ್ಕಲಕ್ಕನೂ ನಗಬೇಕೆಂದು ಬಾಯಿ ತೆರೆದಳು. ಕಣ್ಣು ತೊಟ್ಟಿಯ ಮೇಲಿತ್ತು. ನಿಯಾನ್‌ಗಳೆಲ್ಲ ಜರಿಗಿಡದ ಹಿಂದೆ, ಮೂಲೆಯಲ್ಲಿ, ಒಂದರ ಮೇಲೊಂದು ಒತ್ತಿಕೊಂಡಿದ್ದವು. ಎಷ್ಟೋ ದಿನಗಳಿಂದ ಅಲ್ಲೇ ಇದ್ದವು. ಯಾವ ಬೆರಳ ಬಳಿಗೂ ಬಂದಿರಲಿಲ್ಲ.

ಹಾಗಾದರೆ ಕಚಗುಳಿ ಇಡುತ್ತಿರುವವರು ಯಾರು?

ಅವಳು ಕುಕ್ಕರಗಾಲಲ್ಲಿ ಕೂತಳು. "ಪುಟ್ಟಿ, ಮೀನು ನಿನ್ನ ಬೆರಳ ಹತ್ರ ಬರುತ್ತಾ?"

"ಇಲ್ಲ. ದೂರದಿಂದಲೇ ಇಡುತ್ತೆ."

"ಹೇಗೆ ಇಡುತ್ತೆ?"

ಹುಡುಗಿ ಭುಜ ಕುಲುಕಿ ಕಿಲಕಿಲ ನಕ್ಕಳು. "ಜುಂ ಜುಂ ಅಂತ."

ಪುಕ್ಕಲಕ್ಕ ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಇಷ್ಟು ದಿನ ರಬ್ಬರಿನೊಳಗೆ ಕೈ ಬಚ್ಚಿಟ್ಟುಕೊಂಡಿದ್ದವಳು ತಾನು. ಊರಲ್ಲೇ ಅತಿ ಪುಕ್ಕಲಿಗೆ ಆ ಒಂದು ಸಲ ಬಿಟ್ಟರೆ ಏನೂ ತಾಗಿರಲಿಲ್ಲ. ಹೆದರಿಕೆಯೇ ಗೊತ್ತಿಲ್ಲದ ಬೆರಳುಗಳಿಗೆ ದಿನವೂ ತಾಗುತ್ತಿತ್ತು. ನಿನ್ನೆಯವರೆಗೆ ಆ ಮಕ್ಕಳ ಕಾಲಲ್ಲಿ ಬೂಟಿತ್ತು. ಇವತ್ತು ಬರಿಗಾಲು, ಒದ್ದೆ ನೆಲ. ಒದ್ದೆ ನೆಲದಲ್ಲಿ ನಿಂತು ಸ್ವಿಚ್ ಮುಟ್ಟಬೇಡ ಎಂದು ಯಾವ ತಾಯಿ ಹೇಳುವುದಿಲ್ಲ? ಆದರೆ ಮೀನಿಗೆ ಊಟ ಹಾಕಬೇಡ ಎಂದು ಯಾವ ತಾಯಿ ಹೇಳುತ್ತಾಳೆ?

ಮೇಡಂ ಚಪ್ಪಾಳೆ ತಟ್ಟಿದರು. "ಮಕ್ಕಳೇ, ಸಾಲಾಗಿ ಬನ್ನಿ! ಅಪ್ಪ ಅಮ್ಮನಿಗೆ ತೋರಿಸೋಣ, ಮೀನಿಗೆ ಹೇಗೆ ಊಟ ಹಾಕ್ತೀವಿ ಅಂತ."

ಪುಟ್ಟ ಪಾದಗಳು ಪಚಪಚ ಎನ್ನುತ್ತ ಬಂದವು. ಎರಡು ಜುಟ್ಟಿನವಳೇ ಮೊದಲು. ಬೆರಳಿಗೆ ಆಗಲೇ ಪುಡಿ ಅಂಟಿಸಿಕೊಂಡಿದ್ದಳು.

ಪುಕ್ಕಲಕ್ಕ ಗೋಡೆಯ ಬಳಿ ಓಡಿ, ತೊಟ್ಟಿಯ ವೈರುಗಳೆಲ್ಲ ಸೇರುವ ಪ್ಲಗ್ಗನ್ನು ಎಳೆದಳು. ದೀಪ ಆರಿತು. ಗುಳ್ಳೆಗಳ ಸದ್ದು ನಿಂತಿತು. ಕೋಣೆಯೆಲ್ಲ ಅವಳತ್ತ ತಿರುಗಿತು.

"ಯಾಕ್ರೀ ಆರಿಸಿದ್ರಿ?" ಎಂದರು ಮೇಡಂ.

ಪುಕ್ಕಲಕ್ಕ ಪ್ಲಗ್ಗು ಹಿಡಿದೇ ತೊಟ್ಟಿಯತ್ತ ಕೈ ತೋರಿಸಿದಳು. "ನೀರು... ಕರೆಂಟು..."

"ಮತ್ತೆ ಶುರುವಾಯ್ತಾ ನಿಂದು? ಇಷ್ಟು ಜನರ ಮುಂದೆ? ಹಾಕು ಮೊದಲು." 'ನೀವು' ಒಂದೇ ಉಸಿರಿನಲ್ಲಿ 'ನೀನು' ಆಗಿತ್ತು.

ಯಜಮಾನ ಹಲ್ಲು ಕಿರಿಯುತ್ತ ಬಂದ. "ಏನಿಲ್ಲ ಸಾರ್, ನಮ್ಮಕ್ಕ ಸ್ವಲ್ಪ ಪುಕ್ಕಲು. ಕೊಡೇ ಇಲ್ಲಿ, ನಾನು ಹಾಕ್ತೀನಿ." ಕೈ ಚಾಚಿದ.

ಅವಳು ಕೊಡಲಿಲ್ಲ. ಇವತ್ತು ಪ್ಲಗ್ಗನ್ನು ಕೈಯಲ್ಲಿ ಹಿಡಿದುಕೊಂಡರೆ ನಾಳೆ ಇನ್ಯಾರೋ ಸಿಕ್ಕಿಸುತ್ತಾರೆ, ಅಷ್ಟು ಅವಳಿಗೆ ಗೊತ್ತಿತ್ತು. ಪ್ಲಗ್ಗು ಗೋಡೆಯಲ್ಲಿಲ್ಲ, ತನ್ನ ಮುಷ್ಟಿಯಲ್ಲೇ ಇದೆ ಎಂದು ಮತ್ತೆ ಮತ್ತೆ ನೋಡಿಕೊಂಡಳು. ಸೊಂಟದಲ್ಲಿ ಸಿಕ್ಕಿಸಿದ್ದ ಎಲೆ ಕತ್ತರಿಸುವ ಉದ್ದ ಕತ್ತರಿ ತೆಗೆದು ವೈರಿಗೆ ಹಾಕಿದಳು. ಮೊದಲ ಸಲ ಜಾರಿತು. ಎರಡೂ ಕೈ ಸೇರಿಸಿ ಒತ್ತಿದಳು. ಕಟ್.

"ನಿಂಗೇನು ತಲೆ ಕೆಟ್ಟಿದ್ಯಾ?" ಯಜಮಾನ ಕಿರುಚಿದ. "ನೀರು ತಣ್ಣಗಾದ್ರೆ ಮೀನು ಸಾಯ್ತವೆ!"

"ಸಾಯ್ಲಿ," ಎಂದಳು. ಮೀನಿನ ಬಗ್ಗೆ ಆ ಮಾತನ್ನು ಅವಳ ಬಾಯಲ್ಲಿ ಯಾರೂ ಕೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

ಆಮೇಲೆ ಬರಿಗೈಯನ್ನು ನೀರಿಗೆ ಹಾಕಿದಳು. ಹೀಟರನ್ನು ಕಿತ್ತು ಹೊರಗೆ ತೆಗೆದು, ಮೈಗೆ ಹತ್ತಿದ್ದ ಹಸಿರು ಪಾಚಿಯನ್ನು ಹೆಬ್ಬೆರಳಿನಿಂದ ಉಜ್ಜಿದಳು. ಗಾಜಿನ ಉದ್ದಕ್ಕೆ ಕೂದಲಿನಂಥ ಗೆರೆಯೊಂದಿತ್ತು. ಈ ಸಲ ಅದು ಕೂದಲಲ್ಲ. ಕೊಳವೆಯನ್ನು ಓರೆ ಮಾಡಿದಾಗ ಒಳಗೆ ಹೊಕ್ಕಿದ್ದ ನೀರು, ಗಾರೆಯವನ ರಸಮಟ್ಟದ ಗುಳ್ಳೆಯ ಹಾಗೆ, ಆ ಕಡೆಯಿಂದ ಈ ಕಡೆಗೆ ಹರಿಯಿತು.

ಎರಡು ಜುಟ್ಟಿನವಳ ತಾಯಿ ಮಗಳನ್ನು ಬಾಚಿ ಎತ್ತಿಕೊಂಡು ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡತೊಡಗಿದಳು.

ಮೇಡಂ ಮೊದಲು ಆಡಿದ ಮಾತು, "ಸದ್ಯ, ಯಾರಿಗೂ ಏನೂ ಆಗಲಿಲ್ಲವಲ್ಲ." ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎಂಬ ಗಾದೆಯನ್ನು ಕಟ್ಟಿದವರು ಇಂಥವರೇ ಇರಬೇಕು. ದೊಣ್ಣೆ ಬೀಸಿದವರು ಯಾರು ಎಂದು ಆ ಗಾದೆ ಕೇಳುವುದಿಲ್ಲ. ಮುಚ್ಚಳ ತೆಗೆಸಿದ್ದು ಯಾರು, ಅಗ್ಗದ ಹೀಟರು ತರಿಸಿದ್ದು ಯಾರು, ಮಕ್ಕಳು ದಿನವೂ ತಮ್ಮ ಬಾಯಾರೆ ಹೇಳುತ್ತಿದ್ದಾಗ ಬಂಗಾರ ಬಂಗಾರ ಎಂದು ನಕ್ಕದ್ದು ಯಾರು ಎಂದೂ ಕೇಳುವುದಿಲ್ಲ.

ಪುಕ್ಕಲಕ್ಕನಿಗೂ ಬೇರೆಯವರನ್ನು ಕೇಳಲು ಬಾಯಿ ಬರಲಿಲ್ಲ. ಆ ಹೀಟರನ್ನು ಅಂಟಿಸಿದ ಕೈ ಅವಳದೇ. ಜುಂ ಎಂದಾಗ ತೂತಿಗೆ ರಬ್ಬರ್ ಅಂಟಿಸಿದ ಕೈಯೂ ಅವಳದೇ. ಮಕ್ಕಳು ಮಧ್ಯಾಹ್ನ ಮಲಗುವಾಗ ಹೊದೆಯುವ ಕಂಬಳಿಗಳನ್ನು ಕೇಳಿ ತಂದು ತೊಟ್ಟಿಗೆ ಸುತ್ತಿದಳು. ಇರುವ ಬಿಸಿ ಸಂಜೆಯವರೆಗಾದರೂ ನಿಂತೀತು. ಸಾಯಲಿ ಎಂದವಳು ಅವಳೇ, ಹೊದಿಸಿದವಳೂ ಅವಳೇ.

"ಮೀನು ಮಲ್ಕೊಂಡ್ವಾ?" ಎರಡು ಜುಟ್ಟಿನವಳು ತಾಯಿಯ ಕಂಕುಳಿನಿಂದ ಕೇಳಿದಳು.

"ಹೂಂ ಪುಟ್ಟಿ. ಎಬ್ಬಿಸಬೇಡ."

ಹೊರಗೆ ಬಂದ ಮೇಲೆ ಯಜಮಾನ ದನಿ ತಗ್ಗಿಸಿ, "ಆಗಿದ್ದು ಆಯ್ತು. ಇದನ್ನ ಯಾರ ಮುಂದೆಯೂ ಆಡಬೇಡ," ಎಂದ.

"ಅಣ್ಣ, ಆ ಪೆಟ್ಟಿಗೇಲಿ ಬಂದ ಮಿಕ್ಕ ಹೀಟರು ಎಲ್ಲೆಲ್ಲಿ ಹಾಕಿದ್ದೀವಿ?"

ಅವನು ಇಸ್ತ್ರಿ ಶರ್ಟಿನ ತೋಳು ಮಡಚಿಕೊಳ್ಳತೊಡಗಿದ. ಪ್ರತಿಯೊಂದು ತೊಟ್ಟಿಯೂ ಅವಳ ಕಣ್ಣ ಮುಂದೆ ಬಂದು ನಿಂತಿತು.

ಅವತ್ತೇ ಹೊರಟಳು, ಗ್ಲೌಸನ್ನು ಚೀಲದಲ್ಲಿಟ್ಟು, ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿ. ಬ್ಯಾಂಕಿಗೆ ಹೋಗಿ, "ನೀರು ಕಚಗುಳಿ ಇಡುತ್ತಾ?" ಎಂದು ಕೇಳಿದಳು. ಅಲ್ಲಿಯ ಕಾವಲುಗಾರ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಿರಲಿ ಎಂದು ಪ್ಲಗ್ಗು ತೆಗೆದು, ಹೀಟರು ಕಿತ್ತು ಚೀಲಕ್ಕೆ ಹಾಕಿಕೊಂಡಳು. ಹೋಟೆಲಿನವರೂ ನಕ್ಕರು. ಅಲ್ಲಿಯೂ ಕಿತ್ತಳು.

ಕಣ್ಣಿನ ದವಾಖಾನೆಯಲ್ಲಿ ಸಂಜೆಯ ಜನ ತುಂಬಿತ್ತು. ಬೆಂಚಿನ ತುದಿಯಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಮುದುಕನೊಬ್ಬ ತೊಟ್ಟಿಯ ಅಂಚನ್ನೇ ಆಸರೆಗೆ ಹಿಡಿದು ಕೂತಿದ್ದ. ಚೀಟಿ ಬರೆಯುತ್ತಿದ್ದ ಹುಡುಗಿಯ ಬಳಿ ಬಗ್ಗಿ ಪುಕ್ಕಲಕ್ಕ ಅದೇ ಮಾತನ್ನು ಕೇಳಿದಳು.

ಹುಡುಗಿ ನಗಲಿಲ್ಲ. ಪೆನ್ನು ಕೆಳಗಿಟ್ಟಳು.

"ಹೌದಕ್ಕ. ನಿಮಗೆ ಹೇಗೆ ಗೊತ್ತಾಯ್ತು?"