ಕೊರಳಲ್ಲಿದ್ದ ಮುಖ

ನನಗೊಂದು ಕೆಟ್ಟ ಚಾಳಿ. ಯಾರ ಮನೆಯ ಗೋಡೆಯಲ್ಲಿ ಹಳೆಯ ಫೋಟೋ ಕಂಡರೂ ‘ಇವರು ಯಾರು?’ ಎಂದು ಕೇಳದೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಅಂಥವಳಿಗೆ ನಿಪ್ಪಾಣಿಯ ನಮ್ಮ ಮನೆಯ ಟ್ರಂಕಿನಲ್ಲೇ ಹೆಸರಿಲ್ಲದ ಮುಖವೊಂದು ಸಿಕ್ಕರೆ ಬಿಡುತ್ತೇನೆಯೇ? ಹೆಬ್ಬೆರಳ ಉಗುರಿನಷ್ಟು ಚಿತ್ರ. ಬೆಳ್ಳಿಯ ಪದಕ, ಮೇಲೆ ಗಾಜು, ಒಳಗೆ ಬಣ್ಣದಲ್ಲಿ ಬರೆದ ಹೆಣ್ಣುಮಗಳು. ಮೂಗಿಗೆ ನತ್ತು, ತಲೆ ತುಂಬ ಸೆರಗು.

ಪದಕ ಅವ್ವನನ್ನು ಸಾಕಿದ ಮಲತಾಯಿಯದು. ಸಾಯುವವರೆಗೂ ಕೊರಳಿಂದ ತೆಗೆದಿರಲಿಲ್ಲವಂತೆ. “ಆಕೀ ತವರಮನಿಯವರು ಯಾರರ ಇರಬೇಕು,” ಎಂದಳು ಅವ್ವ. ಅವ್ವನನ್ನು ಹೆತ್ತಾಕೆ ಬಾಣಂತನದಲ್ಲೇ ತೀರಿಕೊಂಡಿದ್ದಳು. ಒಂದು ಫೋಟೋವೂ ಇಲ್ಲ. ಎಂಬತ್ತರ ಹತ್ತಿರ ಬಂದ ಮೇಲೂ ಅವ್ವ ಕನ್ನಡಿ ಮುಂದೆ ನಿಂತು, “ನಮ್ಮವ್ವ ಹಿಂಗ ಇದ್ಳೋ ಏನೋ,” ಎನ್ನುವುದನ್ನು ಕೇಳಿದ್ದೇನೆ. ಪದಕದಲ್ಲಿರುವಾಕೆ ಅವಳೇ ಆಗಿದ್ದರೆ? ತಲೆಯೊಳಗೆ ಹುಳ ಹೊಕ್ಕಿತು.

“ಹುಚ್ಚಿ! ಸವತಿ ಚಿತ್ರ ಯಾವಾಕಿ ಕೊರಳಾಗ ಹಾಕ್ಕೋತಾಳ?” ಎಂದು ಅವ್ವ ನಕ್ಕಳು. ನನಗೆ ಹಠ ಇನ್ನೂ ಹೆಚ್ಚಾಯಿತು.

ಮೊಬೈಲಿನಲ್ಲಿ ಚಿತ್ರ ಹಿಡಿದು ಬಂಧುಬಳಗಕ್ಕೆಲ್ಲ ಕಳಿಸಿದೆ. ಕಾಗವಾಡದ ಕಾಕಾ, “ಮೂಗು ನಮ್ಮ ಮನೀದs,” ಎಂದರು. ಅಥಣಿಯವರು ನತ್ತು ತಮ್ಮದೆಂದರು. ರಾಯಬಾಗದವರು ಗದ್ದದ ಮೇಲೆ ಹಕ್ಕು ಸಾಧಿಸಿದರು. ಉಗುರಿನಷ್ಟು ಮುಖವನ್ನು ಮೂರೂರಿನವರು ಹಂಚಿಕೊಂಡರು. ಅವರದೂ ತಪ್ಪಲ್ಲ ಬಿಡಿ. ಹಳೆಯ ಚಿತ್ರಗಳಲ್ಲಿ ರಾಣಿಯರಿಂದ ಹಿಡಿದು ಎಲ್ಲರೂ ಒಂದೇ ಅಂಗಡಿಯಲ್ಲಿ ಮೂಗು ಕೊಂಡವರಂತೆ ಕಾಣುತ್ತಾರೆ.

ಸೋಲಬಾರದೆಂದು, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಶಿರಗುಪ್ಪಿಗೆ ಹೋದೆ. ಅಲ್ಲಿ ಅವ್ವನ ಸೋದರತ್ತೆ, ತೊಂಬತ್ತು ದಾಟಿದ ಚಂಪವ್ವಜ್ಜಿ ಇದ್ದಾರೆ. ಪದಕ ಅಂಗೈಗೆ ಬಂದದ್ದೇ ತಡ, “ಅಯ್ಯ, ನಮ್ಮ ವೈನಿ!” ಎಂದರು. “ನಮ್ಮಣ್ಣನ ಮೊದಲನೇ ಹೇಣ್ತಿ. ನಿಮ್ಮವ್ವನ್ನ ಹಡದಾಕಿ.”

“ಸವತಿ ಕೊರಳಿಗೆ ಹೆಂಗ ಬಂತಜ್ಜಿ?”

“ಸವತಿ ಅಂತನs ಬಂತು. ಎರಡನೇಕಿ ಆಗಿ ಬಂದಾಕಿ ಸತ್ತಾಕಿ ಮೂರ್ತಿ ಕೊರಳಾಗ ಹಾಕ್ಕೋಬೇಕಾಗಿತ್ತವಾ, ಆಕಿ ಕಾಡಬಾರದಂತ. ಈಗ್ಯಾರಿಗೆ ಗೊತ್ತೈತಿ! ಮಂದಿ ಬೆಳ್ಳಿ ತಗಡಿನ್ಯಾಗ ಮಾಡಸ್ತಿದ್ರು. ನಮ್ಮಣ್ಣ, ವೈನಿ ಇದ್ದಾಗ ಬರಿಸಿದ್ದ ಚಿತ್ರಾನs ಕೂಡಿಸಿದ.”

ದಾರಿಯುದ್ದಕ್ಕೂ ಒಂದು ಭಾಷಣ ಕಟ್ಟಿಕೊಂಡು ಬಂದೆ. ಅವ್ವನೆದುರು ಬಂದದ್ದು ಇಷ್ಟೇ: “ಅವ್ವಾ, ಇಕೀನs ನಿಮ್ಮವ್ವ.”

ಅವ್ವ ಸೆರಗಿನಿಂದ ಗಾಜು ಒರೆಸಿ ನೋಡಿದಳು. “ಎಷ್ಟ್ ಸಣ್ಣ ಹುಡುಗಿ ಐತವಾ!” ಎಂದು ಅತ್ತಳು. ಆಮೇಲೆ ಎಂದಳು: “ನನ್ನ ಸಾಕಿದಾಕಿ ಉಣಿಸಾಕ ಬಗ್ಗಿದಾಗ ನಾ ಇದನ್ನ ಹಿಡದ ಜಗ್ಗತಿದ್ನಿ. ತಾಳಿಗಿ ಕೈ ಹಚ್ಚಿದ್ರ ಹೊಡೀತಿದ್ಳು. ಇದನ್ನ ಜಗ್ಗಿದ್ರ ಮಾತ್ರ, ನಾ ಬಿಡೂತನಕ ಹಂಗs ಬಗ್ಗಿ ನಿಂದರತಿದ್ಳು.”

ಚಿತ್ರದಲ್ಲಿರುವಾಕೆ ಯಾರೆಂದು ಇಷ್ಟೂರಿನವರನ್ನು ಕೇಳಿದೆ. ಅದನ್ನು ಹಾಕಿಕೊಂಡಿದ್ದಾಕೆಯ ಹೆಸರನ್ನು ಯಾರೂ ಕೇಳಲಿಲ್ಲ. ನಾನೂ ಈತನಕ ನಿಮಗೆ ಹೇಳಿಲ್ಲ. ಪದ್ಮವ್ವ.