ಕೊಣ್ಣೂರಿನಲ್ಲಿ ಇಳಿಸಿದ ಕಂಪ್ಯೂಟರ್

ಮೂರು ವರ್ಷದ ಹಿಂದಿನ ಮಾತು. ಆ ಶ್ರಾವಣದಲ್ಲಿ ಮಲಪ್ರಭೆ ತುಂಬಿ ಕೊಣ್ಣೂರಿನ ಸೇತುವೆಯ ಮೇಲೆ ನೀರು ಹರಿದಿತ್ತು.

ನನ್ನ ಊರು ಪುರ್ತಗೇರಿ. ತಂದೆ-ತಾಯಿ ತೀರಿಕೊಂಡ ಮೇಲೆ ಅತ್ತ ಹೋಗುವುದು ಕಡಿಮೆಯಾಗಿತ್ತು. ನರಗುಂದದ ಕಾಲೇಜೊಂದರಲ್ಲಿ ಪ್ರಯೋಗಾಲಯ ಸಹಾಯಕನ ಕೆಲಸ. ಸಂಜೆ ಕೋಣೆಗೆ ಬಂದರೆ ಮಾತಾಡುವವರಿಲ್ಲ. ಗೇಮ್ ಆಡಲೆಂದೇ ಜೋಡಿಸಿಕೊಂಡ ದೊಡ್ಡ ಕಂಪ್ಯೂಟರ್ ಇತ್ತು. ಅದಕ್ಕೊಂದು ಸ್ಟೀರಿಂಗು, ಕಾಲಲ್ಲಿ ಒತ್ತುವ ಪೆಡಲು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ದಿನಾ ಪರದೆಯ ಮೇಲೆ ಲಾರಿ ಓಡಿಸುತ್ತಿದ್ದೆ. ಆ ಮಳೆಗಾಲದಲ್ಲೇ ಮನೆ ಬದಲಿಸಬೇಕಾಯಿತು. ಹೊಸ ಕೋಣೆಯಲ್ಲಿ ಹಾಸಿಗೆ ಹಾಸಿದರೆ ಮೇಜಿಗೆ ಜಾಗವಿಲ್ಲ. ಕಾಲೇಜಿನ ಕೆಲಸಕ್ಕೂ ಲ್ಯಾಪ್‌ಟಾಪ್ ಬೇಕಿತ್ತು. ಹಳೆಯದನ್ನು ಕೊಟ್ಟು ಲ್ಯಾಪ್‌ಟಾಪ್ ತರುವುದೆಂದು ಬಾಗಲಕೋಟೆಯ ಅಂಗಡಿಯವರ ಜೊತೆ ಮಾತಾಗಿ, ಎಲ್ಲವನ್ನೂ ಚಾದರಗಳಲ್ಲಿ ಗಂಟು ಕಟ್ಟಿಕೊಂಡು ಬಸ್ ಹತ್ತಿದೆ.

ಕೊಣ್ಣೂರಿನಲ್ಲಿ ಬಸ್ ನಿಂತಿತು. "ಮುಂದ ಹೋಗಂಗಿಲ್ರಿ, ಸೇತುವಿ ಮ್ಯಾಲ ನೀರ ಬಂದೈತಿ. ಇಳೀರಿ," ಎಂದರು ಕಂಡಕ್ಟರ್. ಗಂಟುಗಳನ್ನು ಇಳಿಸಿಕೊಳ್ಳುವಷ್ಟರಲ್ಲಿ ಮಳೆ ಹನಿಯತೊಡಗಿತು. ನಾನು ಅವುಗಳ ಮೇಲೆ ಬಗ್ಗಿ ನಿಂತೆ. ಗಂಟಿನಿಂದ ಇಣುಕುತ್ತಿದ್ದ ಪರದೆಯನ್ನು ಟಿವಿ ಎಂದುಕೊಂಡು ರಸ್ತೆಯಾಚೆಯ ಮನೆಯ ಬಾಗಿಲಿಂದ ಒಬ್ಬ ಹೆಂಗಸು ಕೂಗಿದರು.

"ತಮ್ಮಾ, ಟಿವಿ ತೊಯ್ತೈತಿ. ಲಗೂನ ಒಳಗ ತಗೊಂಬಾ."

ಅವರು ಜೈನಾಬಿ. ಒಳಗೆ ಮಂಚದ ಮೇಲೆ ಅವರ ಗಂಡ ಹುಸೇನಸಾಬರು ಕುಳಿತಿದ್ದರು. ವಯಸ್ಸೆಲ್ಲ ಲಾರಿ ಓಡಿಸಿದವರು. ಸಕ್ಕರೆ ಕಾಯಿಲೆಯಿಂದ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ನಾನು ಗಂಟು ಬಿಚ್ಚಿದಾಗ ಅವರ ಕಣ್ಣು ಸ್ಟೀರಿಂಗಿನ ಮೇಲೆಯೇ ಇತ್ತು.

"ಇದು ಯಾ ಗಾಡೀದು?"

ಲಾರಿ ಓಡಿಸುವ ಆಟ ಎಂದೆ. ನೀರೇನಾದರೂ ಇಳಿದಿದೆಯೋ ಎಂದು ನನಗೂ ನೋಡಬೇಕಿತ್ತು. ಎಲ್ಲವನ್ನೂ ಒರೆಸಿ, ಸ್ಟೂಲಿನ ಮೇಲಿಟ್ಟು ಜೋಡಿಸಿ ಚಾಲೂ ಮಾಡಿದೆ. ಹುಸೇನಸಾಬರು ಸ್ಟೀರಿಂಗ್ ಹಿಡಿದರು. ಆಮೇಲೆ ಕೆಳಗಿನ ಪೆಡಲನ್ನು ನೋಡಿ ಕೈ ತೆಗೆದರು.

"ಒತ್ತೋ ಕಾಲೇ ಹೋತಲ್ಲ."

"ನಾ ಒತ್ತತೀನಿ, ಹೇಳ್ರಿ," ಎಂದು ಜೈನಾಬಿ ಬಂದು ಮಂಚದ ಮೇಲೆ ಅವರ ಪಕ್ಕ ಕುಳಿತರು.

ಮೊದಲು ಲಾರಿ ಬೇಲಿಗೆ ಹೋಗಿ ಬಡಿಯಿತು. "ಮೆಲ್ಲಕ ಒತ್ತು... ಮುಂದ ತಿರುವು ಐತಿ, ಬಿಡು... ಈಗ ಒತ್ತು." ನಿಧಾನವಾಗಿ ಅವರ ಮಾತಿಗೆ ಈಕೆಯ ಕಾಲು ಹೊಂದಿಕೊಂಡಿತು. ಲಾರಿ ಘಾಟ್ ಏರತೊಡಗಿತು.

"ಇಷ್ಟ ವರ್ಷ ಲಾರಿ ಓಡಿಸಿದ್ರಿ. ಒಂದ ದಿನಾನೂ ನಾ ಬಾಜೂಕ ಕುಂತಿದ್ದಿಲ್ಲ," ಎಂದರು ಜೈನಾಬಿ.

"ಬ್ಯಾಡ ಅಂದಿದ್ನೇನು?"

"ಬಾ ಅಂತನೂ ಅಂದಿದ್ದಿಲ್ಲ."

ಹುಸೇನಸಾಬರು ಪರದೆಯ ಮೇಲಿನ ತಿರುವಿಗೆ ಸ್ಟೀರಿಂಗ್ ತಿರುಗಿಸಿದರು. "ಈಗ ಕುಂತೀಯಲ್ಲ, ಒತ್ತು," ಎಂದರು.

ನಾನು ಹೊಸ್ತಿಲ ಬಳಿ ಕುಳಿತು ನೋಡುತ್ತಿದ್ದೆ. ಆ ಆಟ ಆಡುವಾಗ ನನ್ನ ಪಕ್ಕ ಎಂದೂ ಯಾರೂ ಕುಳಿತಿರಲಿಲ್ಲ. ಅದು ಅಲ್ಲಿಯವರೆಗೆ ನನ್ನ ಗಮನಕ್ಕೂ ಬಂದಿರಲಿಲ್ಲ.

ಮಧ್ಯಾಹ್ನದ ಮೇಲೆ ನೀರು ಇಳಿದು ಬಸ್ಸುಗಳು ಬಿಟ್ಟವು. "ಇದು ಇಲ್ಲೇ ಇರಲಿ ಬಿಡ್ರಿ," ಎಂದೆ. ಹುಸೇನಸಾಬರು ಒಪ್ಪಲಿಲ್ಲ. "ಲ್ಯಾಪ್‌ಟಾಪ್ ನಿನ್ನ ನೌಕರೀಗೆ ಬೇಕಂದೆಲ್ಲ, ಇದನ್ನ ತಗೊಂಡ ಹೋಗು. ಹೊಳ್ಳಿ ಹೋಗುಮುಂದ ಮನೀಗೆ ಬಾ," ಎಂದರು.

ಬಾಗಲಕೋಟೆಯಲ್ಲಿ ಹಳೆಯದೆಲ್ಲ ಹೋಗಿ ಲ್ಯಾಪ್‌ಟಾಪ್ ಬಂತು, ಹೆಗಲ ಚೀಲದಲ್ಲಿ ಹಿಡಿಸುವಷ್ಟು ಹಗುರ. ಆದರೆ ಆ ಆಟ ಅದರಲ್ಲಿ ನಡೆಯಲಿಲ್ಲ. ತಿರುಗಿ ಬರುವಾಗ ಕೊಣ್ಣೂರಿನಲ್ಲಿ ಇಳಿಯಲಿಲ್ಲ. ಆ ಆಟವಿಲ್ಲದೆ ಬರಿಗೈಯಲ್ಲಿ ಏನೆಂದು ಹೋಗುವುದು ಎನಿಸಿತು. ಹೀಗೇ ತಿಂಗಳುಗಳು ಕಳೆದವು. ಮೇಜಿಲ್ಲದ ಕೋಣೆಯಲ್ಲಿ, ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಸಂಜೆಗಳನ್ನು ದೂಡಿದೆ.

ಸಂಕ್ರಾಂತಿ ಕಳೆದ ಮೇಲೆ ಕಡೆಗೂ ಹೋದೆ. ಜೈನಾಬಿ ರೊಟ್ಟಿ ಬಡಿಸಿದರು.

"ಇಷ್ಟ ದಿನ ಯಾಕ ಬರಲಿಲ್ಲ?" ಎಂದು ಕೇಳಿದರು ಹುಸೇನಸಾಬರು.

"ಆ ಆಟ ಈಗ ನನ್ನ ಕಡೆ ಇಲ್ರಿ."

"ಅದನ್ನ ಯಾರ ಕೇಳಿದ್ರು? ನಾವು ನಿನ್ನ ದಾರಿ ನೋಡಾಕತ್ತಿದ್ವಿ."

ಆ ಸಂಜೆ ಕೋಣೆಗೆ ಮರಳಿ ದೀಪ ಹಾಕದೆ ಬಹಳ ಹೊತ್ತು ಕುಳಿತಿದ್ದೆ. ಅಷ್ಟು ತಿಂಗಳು ಒಬ್ಬನೇ ಇದ್ದೇನೆಂದುಕೊಂಡಿದ್ದೆ. ಎರಡು ಜೀವ ನನ್ನ ದಾರಿ ಕಾಯುತ್ತಿದ್ದುದು ನನಗೆ ಗೊತ್ತೇ ಇರಲಿಲ್ಲ.