ಕಡಲ ನೀರು ಹೊಳ್ಳುವ ತನಕ

ಯುದ್ಧದ ವರ್ಷಗಳಲ್ಲಿ ಒಂದು ಚಳಿಗಾಲ, ಕುಕನೂರಿನ ನಮ್ಮ ಮನೆಗೆ ತಂತಿ ಬಂತು. ಮುಂಬಯಿಗೆ ಹೋಗಿ ಹಡಗಿನಲ್ಲಿ ಕಲ್ಲಿದ್ದಲು ಹಾಕುವ ಕೆಲಸಕ್ಕೆ ಸೇರಿದ್ದ ನನ್ನ ಮೈದುನನ ಹಡಗು ಮಲಬಾರಿನ ದಂಡೆಯಾಚೆ ಮುಳುಗಿತ್ತು. ಅವನ ಸುಳಿವಿರಲಿಲ್ಲ. ಓಣಿಯ ಹೆಂಗಸರು ಬಂದು ಅವನ ಹೆಂಡತಿಯ, ಅಂದರೆ ನನ್ನ ನೆಗೆಣ್ಣಿಯ, ಕೈಬಳೆಗಳನ್ನೇ ನೋಡುತ್ತ ಕುಳಿತರು. ಹಸಿರು ಬಳೆಗಳಿಗೆ ಜೋಳದ ಹಿಟ್ಟು ಮೆತ್ತಿತ್ತು. ರೊಟ್ಟಿ ಬಡಿಯುವಾಗಲೇ ಸುದ್ದಿ ಬಂದಿತ್ತು.

"ಹೆಣ ನೋಡದ ಹೊರತು ಸೊಸಿ ಬಳಿ ಒಡಸಾಕಿ ಅಲ್ಲ ನಾ. ಏಳ್ರಿ, ನಿಮ್ಮ ನಿಮ್ಮ ಮನಿಗೆ ನಡೀರಿ," ಎಂದು ಅತ್ತೆ ಅವರನ್ನು ಕಳಿಸಿ ನನ್ನತ್ತ ತಿರುಗಿದರು. ಮನೆಯಲ್ಲಿ ಕಡಲು ಕಂಡವಳು ನಾನೊಬ್ಬಳೇ.

"ಸಮುದ್ರದ ನೀರು ಹೊಳಿಯಂಗ ಒಂದ ಕಡಿ ಹರಿತೈತೇನವಾ?"

ನಾನು ಓದಿದ್ದು ಮಂಗಳೂರಿನ ಕಾನ್ವೆಂಟಿನಲ್ಲಿ. ಯಲಬುರ್ಗಿ ಕಡೆಯ ಮಂಗಳೂರಲ್ಲ, ಕಡಲಿನದು. ನಮ್ಮ ಭೂಗೋಳದ ಸಿಸ್ಟರ್ ಬಾಟಲಿಗಳಲ್ಲಿ ವಿಳಾಸ ಬರೆದ ಕಾರ್ಡು ಹಾಕಿ, ಬೂಚಿಗೆ ಅರಗು ಮೆತ್ತಿ, ಮೀನುಗಾರರ ದೋಣಿಯಲ್ಲಿ ಕಡಲಿಗೆ ಬಿಡಿಸುತ್ತಿದ್ದರು. ಸಿಕ್ಕವರು ಕಾರ್ಡನ್ನು ಅಂಚೆಗೆ ಹಾಕುತ್ತಿದ್ದರು. ಚಳಿಗಾಲದಲ್ಲಿ ಬಿಟ್ಟವು ಉತ್ತರದ ಊರುಗಳಲ್ಲಿ ದಡ ಸೇರುತ್ತಿದ್ದವು, ಮಳೆ ಹಿಡಿದಾಗ ನೀರು ಹೊಳ್ಳಿ ದಿಕ್ಕು ಬದಲಿಸುತ್ತಿದ್ದುದರಿಂದ, ಆಗ ಬಿಟ್ಟವು ದಕ್ಷಿಣದಲ್ಲಿ. ಸಿಸ್ಟರ್ ನಕಾಶೆಯ ಮೇಲೆ ದಾರ ಹಿಡಿದು ತೋರಿಸುತ್ತಿದ್ದರು.

"ಸಾಲಿಯಾಗ ಬಾಟ್ಲಿ ಒಗಿಯಾಕ ಕಲಿಸ್ಯಾರ, ಅಕ್ಕಿ ಆರಸಾಕ ಕಲಿಸಿಲ್ಲ," ಎಂದು ಅತ್ತೆ ಹಿಂದೆ ನನ್ನನ್ನು ಚುಡಾಯಿಸಿದ್ದುಂಟು. ಅಂದು ನಾನು ಅದನ್ನೇ ಹೇಳಿದಾಗ ಕೊನೆಯವರೆಗೂ ಕೇಳಿದರು.

"ಎಲ್ಲಾ ದಂಡಿಗೆ ಬರ್ತಿದ್ವೇನು?"

"ಇಲ್ರಿ ಅತ್ತಿ. ಭಾಳ ಬರ್ತಿದ್ದಿಲ್ಲ."

"ಒಂದೆರಡರ ಬರ್ತಿದ್ವಲ್ಲ?"

"ಬರ್ತಿದ್ವುರಿ."

"ಹಂಗಾರ ಈಗ ನೀರು ನಮ್ಮ ಸೀಮಿ ಕಡಿಗೇ ಬರಾಕತ್ತೈತಿ. ಅದು ಹೊಳ್ಳೋ ಮಟ ಆಕಿ ಬಳಿ ಯಾರೂ ಮುಟ್ಟಬ್ಯಾಡ್ರಿ."

ನನ್ನ ಯಜಮಾನರು ದಂಡೆಗುಂಟ ಕಾರವಾರದವರೆಗೂ ವಿಚಾರಿಸಿ ಬರಿಗೈಲಿ ಬಂದರು. ನೆಗೆಣ್ಣಿ ಕೊಡ ಎತ್ತುವಾಗ ಬಳೆ ತಾಗಿ ಒಡೆಯದಿರಲೆಂದು ಮಣಿಕಟ್ಟಿಗೆ ಹಳೆಯ ಬಟ್ಟೆ ಸುತ್ತಿಕೊಳ್ಳತೊಡಗಿದಳು. ಬೇಸಿಗೆಯಲ್ಲೂ ಬಿಚ್ಚಲಿಲ್ಲ.

ಮುಂಗಾರಿನ ಮೊದಲ ಮಳೆಯ ದಿನ ಅತ್ತೆ ಹೊಸ್ತಿಲಲ್ಲಿ ನಿಂತು, ನನ್ನ ಮುಖ ನೋಡದೆ ಕೇಳಿದರು: "ಅಲ್ಲಿ ನೀರು ಹೊಳ್ಳಿರಬೇಕಲ್ಲವಾ?"

ನಾನು ಹಿಂತಿರುಗಿ ನೋಡಿದೆ. ಒಳಗೆ ನೆಗೆಣ್ಣಿ ಮಣಿಕಟ್ಟಿನ ಬಟ್ಟೆ ಬಿಚ್ಚುತ್ತಿದ್ದಳು. ಕೈಗೆ ಸಾಬೂನು ಹಚ್ಚಿಕೊಂಡು ಬಳೆಗಳನ್ನು ಒಂದೊಂದಾಗಿ ಜಾರಿಸಿದಳು.

"ಒಡೀಬ್ಯಾಡ್ರಿ ಅತ್ತಿ. ಅವರು ತಂದ ಬಳಿ ಇವು."

ಅತ್ತೆ ಸೆರಗು ಒಡ್ಡಿದರು.